ಪರದೆಯ ಮೇಲಿನ ಚುಕ್ಕೆಗಳ ಲೆಕ್ಕ

1992ರ ಫೆಬ್ರುವರಿ 25ರಂದು ಪ್ಯಾರಿಸ್‌ನ ಹೋಟೆಲ್ ರೆಜಿನಾದಲ್ಲಿ ಮೈಕ್ರೋಸಾಫ್ಟ್‌ನವರ ಸಭೆ ಸೇರಿತ್ತು. ಪವರ್‌ಪಾಯಿಂಟ್‌ನ ರೂವಾರಿ ರಾಬರ್ಟ್ ಗ್ಯಾಸ್ಕಿನ್ಸ್ ತಮ್ಮ ಲ್ಯಾಪ್‌ಟಾಪಿಗೆ ಸಭಾಂಗಣದ ಪ್ರೊಜೆಕ್ಟರ್ ಕೇಬಲ್ ಸಿಕ್ಕಿಸಿದರು. ಬಣ್ಣದ ಸ್ಲೈಡುಗಳು ನೇರವಾಗಿ ಪರದೆಗೆ ಬಂದವು. ಅದುವರೆಗೆ ಆ ತಂತ್ರಾಂಶದ ಮುಖ್ಯ ಕೆಲಸವೆಂದರೆ ಓವರ್‌ಹೆಡ್ ಪ್ರೊಜೆಕ್ಟರಿಗೆ ಪಾರದರ್ಶಕ ಹಾಳೆಗಳನ್ನೂ 35 ಮಿ.ಮೀ. ಫಿಲ್ಮ್ ಸ್ಲೈಡುಗಳನ್ನೂ ಸಿದ್ಧಪಡಿಸಿಕೊಡುವುದು.

ಫಿಲ್ಮಿಗೆ ಚುಕ್ಕೆಗಳ ಗೊಡವೆ ಇರಲಿಲ್ಲ. ಕಂಪ್ಯೂಟರ್ ಚಿತ್ರ ಹಾಗಲ್ಲ, ಅದು ಎಣಿಸಿಟ್ಟ ಪಿಕ್ಸೆಲ್‌ಗಳ ಮೊತ್ತ. 1987ರಲ್ಲಿ ಐಬಿಎಂ ತಂದ ವಿಜಿಎ ಎಂಬ ಪರದೆ ಮಾನದಂಡದಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆಗಳು. ಕೆಂಪು, ಹಸಿರು, ನೀಲಿ ಎಂದು ಮೂರು ಕೊಳವೆಗಳಿದ್ದ ಹಳೆಯ ಭಾರೀ ಪ್ರೊಜೆಕ್ಟರ್‌ಗಳು ಬಗೆಬಗೆಯ ಸಿಗ್ನಲ್‌ಗೆ ಹೊಂದಿಕೊಳ್ಳುತ್ತಿದ್ದವು. 1989ರಲ್ಲಿ ಎಪ್ಸನ್ ಪುಟ್ಟ ಎಲ್‌ಸಿಡಿ ಪ್ರೊಜೆಕ್ಟರ್ ತಂದಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದ ಕಿರುಗನ್ನಡಿಗಳ ಚಿಪ್ 90ರ ದಶಕದ ಉತ್ತರಾರ್ಧದಲ್ಲಿ ಮಾರುಕಟ್ಟೆಗೆ ಬಂತು. ಈ ಎರಡು ತಂತ್ರಗಳಿಂದ ಪ್ರೊಜೆಕ್ಟರ್ ಹಗುರವಾಯಿತು, ಆದರೆ ಅದರ ಚುಕ್ಕೆಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗತೊಡಗಿತು. ಇದೇ ನೇಟಿವ್ ರೆಸಲ್ಯೂಶನ್.

ತೊಡಕು ಹುಟ್ಟಿದ್ದು ಇಲ್ಲಿಂದ. ಕಂಪ್ಯೂಟರ್‌ಗಳು 800x600ಕ್ಕೆ, ಅಲ್ಲಿಂದ 1024x768ಕ್ಕೆ ಹೋದವು. ಸಭಾಂಗಣದ ಯಂತ್ರ ಹಳೆಯ ಲೆಕ್ಕದಲ್ಲೇ ಉಳಿಯಿತು. ದೊಡ್ಡ ಸಿಗ್ನಲ್ ಬಂದರೆ ಕೆಲವು ಯಂತ್ರಗಳು ನಡುನಡುವೆ ಗೆರೆಗಳನ್ನೇ ಬಿಟ್ಟುಬಿಡುತ್ತಿದ್ದವು, ಕೆಲವು ಚಿತ್ರದ ಒಂದು ಭಾಗವನ್ನಷ್ಟೇ ತೋರಿಸುತ್ತಿದ್ದವು. ಮುಂದೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ಚಿಪ್‌ಗಳು ಬಂದು ಈ ಅವಾಂತರವನ್ನು ಮರೆಮಾಚಿದವು. ನಿವಾರಿಸಲಿಲ್ಲ. 1366x768ರ ಲ್ಯಾಪ್‌ಟಾಪ್ ಚಿತ್ರವನ್ನು 1024x768ರ ಪ್ರೊಜೆಕ್ಟರ್ ಪರದೆ ತುಂಬ ತೋರಿಸಬೇಕೆಂದರೆ, ಅಡ್ಡಸಾಲಿನ ನಾಲ್ಕು ಚುಕ್ಕೆಗಳ ಕೆಲಸವನ್ನು ಮೂರು ಚುಕ್ಕೆಗಳು ಮಾಡಬೇಕು. ಅಕ್ಷರದ ಅಂಚು ಮಸುಕಾಗುತ್ತದೆ, ವೃತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಕನ್ನಡದ ಓದುಗರಿಗೆ ಇದರ ಪೆಟ್ಟು ಹೆಚ್ಚು. ಇಂಗ್ಲಿಷಿನ ದಪ್ಪಕ್ಷರ ಈ ಮಸುಕನ್ನು ತಾಳಿಕೊಂಡೀತು. ‘ರಾಷ್ಟ್ರ’ದ ಎರಡು ಒತ್ತುಗಳು ತಾಳಿಕೊಳ್ಳುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಮಗುವಿಗೆ ಅಲ್ಲಿ ಕಾಣುವುದು ಒಂದು ಕಪ್ಪು ಗಂಟು ಮಾತ್ರ.

ಪ್ರೊಜೆಕ್ಟರ್ ತನ್ನ ಅಳತೆಯನ್ನು ತಾನೇ ಕೇಬಲ್ ಮೂಲಕ ಕಂಪ್ಯೂಟರಿಗೆ ತಿಳಿಸುವ ವ್ಯವಸ್ಥೆಯನ್ನು ವೆಸಾ ಎಂಬ ಉದ್ಯಮ ಸಂಘ 1994ರಲ್ಲಿ ರೂಪಿಸಿತು. ನಡುವೆ ಕಳಪೆ ಕೇಬಲ್ಲೋ ಸ್ಪ್ಲಿಟರ್ರೋ ಬಂದರೆ ಆ ಮಾಹಿತಿ ತಲುಪದೆಯೂ ಇರಬಹುದು. ಅಷ್ಟರಲ್ಲಿ ಪರದೆಯ ಆಕಾರವೇ ಬದಲಾಯಿತು: ಅಗಲ-ಎತ್ತರದ 4:3 ಅನುಪಾತ ಹಿಂದೆ ಸರಿದು 1280x800, 1920x1080ರ ಅಗಲ ಯಂತ್ರಗಳು ಬಂದವು. ಪವರ್‌ಪಾಯಿಂಟ್ 2013ರಿಂದ ಹೊಸ ಸ್ಲೈಡುಗಳೂ 16:9 ಆದವು. ಹಳೆಯ ಪ್ರೊಜೆಕ್ಟರ್ ಇರುವ ತರಗತಿಗಳಲ್ಲಿ ಅವುಗಳ ಮೇಲೂ ಕೆಳಗೂ ಕಪ್ಪು ಪಟ್ಟಿ.

ಜಾಹೀರಾತುಗಳು ‘ಗರಿಷ್ಠ ರೆಸಲ್ಯೂಶನ್’ ಎಂದು ದೊಡ್ಡದಾಗಿ ಅಚ್ಚು ಹಾಕುವುದು ಯಂತ್ರ ಸ್ವೀಕರಿಸಬಲ್ಲ ಸಿಗ್ನಲ್‌ನ ಲೆಕ್ಕ, ತೋರಿಸಬಲ್ಲ ಚುಕ್ಕೆಗಳದ್ದಲ್ಲ. ಶಾಲೆಗೆ, ಸಂಘಕ್ಕೆ ಪ್ರೊಜೆಕ್ಟರ್ ಕೊಳ್ಳುವವರು ನೇಟಿವ್ ಸಂಖ್ಯೆಯನ್ನೇ ಕೇಳಬೇಕು, ಕಂಪ್ಯೂಟರನ್ನೂ ಅದಕ್ಕೇ ಹೊಂದಿಸಬೇಕು. ಯಂತ್ರವನ್ನು ಪರದೆಗೆ ನೇರವಾಗಿ ಇಡಿ. ಓರೆಯಾದ ಚಿತ್ರವನ್ನು ಕೀಸ್ಟೋನ್ ಗುಂಡಿ ಒತ್ತಿ ಸರಿಪಡಿಸಿದರೆ ಮತ್ತಷ್ಟು ಚುಕ್ಕೆಗಳು ವ್ಯರ್ಥವಾಗುತ್ತವೆ.