ಕಾರಿನ ಸಬ್‌ವೂಫರ್ ಪೆಟ್ಟಿಗೆ

ಕಾರಿನ ಸಬ್‌ವೂಫರ್ ಪೆಟ್ಟಿಗೆ ಎಂಬುದು ಕಾರಿನ ಸಂಗೀತ ವ್ಯವಸ್ಥೆಯಲ್ಲಿ ಮಂದ್ರ ಧ್ವನಿಗಳನ್ನು ಹೊರಡಿಸುವ ಸಬ್‌ವೂಫರ್ ಧ್ವನಿವರ್ಧಕವನ್ನು ಕೂರಿಸಲು ರಚಿಸಲಾಗುವ ಗಟ್ಟಿಯಾದ ಆವರಣ. ಕಾರಿನ ಸಬ್‌ವೂಫರ್ ಸಾಮಾನ್ಯವಾಗಿ 20ರಿಂದ 100 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ನಿರ್ವಹಿಸುತ್ತದೆ. ಸಿದ್ಧ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆಯಾದರೂ, ಧ್ವನಿವರ್ಧಕದ ಗುಣಕ್ಕೂ ಡಿಕ್ಕಿಯ ಅಳತೆಗೂ ಹೊಂದುವಂತೆ ಅನೇಕ ಹವ್ಯಾಸಿಗಳು ಇದನ್ನು ಸ್ವತಃ ನಿರ್ಮಿಸಿಕೊಳ್ಳುತ್ತಾರೆ. ಪೆಟ್ಟಿಗೆಯು ಕೇವಲ ಹೊದಿಕೆಯಲ್ಲ. ಅದರೊಳಗಿನ ಗಾಳಿಯು ಧ್ವನಿವರ್ಧಕದ ಒಂದು ಭಾಗದಂತೆಯೇ ವರ್ತಿಸುತ್ತದೆ. ಆದುದರಿಂದ ಒಂದೇ ಸಬ್‌ವೂಫರ್ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಬೇರೆ ಬೇರೆಯಾಗಿ ಧ್ವನಿಸುತ್ತದೆ.

ತತ್ತ್ವ

ಧ್ವನಿವರ್ಧಕದ ಕೋನ್ ಮುಂದಕ್ಕೆ ಚಲಿಸಿದಾಗ ಅದರ ಮುಂಭಾಗದಲ್ಲಿ ಗಾಳಿಯ ಒತ್ತಡ ಹೆಚ್ಚುತ್ತದೆ, ಹಿಂಭಾಗದಲ್ಲಿ ಕಡಿಮೆಯಾಗುತ್ತದೆ. 40 ಹರ್ಟ್ಸ್ ಧ್ವನಿಯ ತರಂಗದೂರ ಸುಮಾರು 8.6 ಮೀಟರ್. ಕೋನ್‌ನ ಗಾತ್ರ ಇದಕ್ಕಿಂತ ಬಹಳ ಚಿಕ್ಕದಾದ್ದರಿಂದ, ಪೆಟ್ಟಿಗೆ ಇಲ್ಲದಿದ್ದರೆ ಮುಂದಿನ ಗಾಳಿಯು ಸುತ್ತಿ ಹಿಂದಕ್ಕೆ ಹರಿದು ಎರಡೂ ಒತ್ತಡಗಳು ಪರಸ್ಪರ ರದ್ದಾಗುತ್ತವೆ. ಪರಿಣಾಮವಾಗಿ ಮಂದ್ರ ಧ್ವನಿ ಬಹುಪಾಲು ಕೇಳಿಸದೆ ಹೋಗುತ್ತದೆ. ಹಿಂಭಾಗದ ಧ್ವನಿಯನ್ನು ಬೇರ್ಪಡಿಸುವುದು ಪೆಟ್ಟಿಗೆಯ ಮೊದಲ ಕೆಲಸ.

ಕಾರಿನ ಒಳಾಂಗಣವೂ ಫಲಿತಾಂಶದ ಮೇಲೆ ಪ್ರಭಾವ ಬೀರುತ್ತದೆ. ಅರ್ಧ ತರಂಗದೂರವು ಒಳಾಂಗಣದ ಉದ್ದವನ್ನು ಮೀರಿದಾಗ ಇಡೀ ಒಳಾಂಗಣದ ಗಾಳಿ ಒಟ್ಟಾಗಿ ಹಿಗ್ಗಿ ಕುಗ್ಗುತ್ತದೆ. ಉದ್ದ 3 ಮೀಟರ್ ಇದ್ದರೆ ಈ ಸ್ಥಿತಿ ಸುಮಾರು 57 ಹರ್ಟ್ಸ್‌ನಿಂದ ಕೆಳಗೆ ಆರಂಭವಾಗುತ್ತದೆ. ಅಲ್ಲಿಂದ ಕೆಳಗೆ ಧ್ವನಿಗೆ ಸೈದ್ಧಾಂತಿಕವಾಗಿ ಪ್ರತಿ ಆಕ್ಟೇವ್‌ಗೆ (ಆವೃತ್ತಿ ಅರ್ಧಕ್ಕಿಳಿದಂತೆ) 12 ಡೆಸಿಬೆಲ್‌ನಷ್ಟು ಬಲ ಸೇರುತ್ತದೆ. ಬಾಗಿಲು, ಕಿಟಕಿಗಳ ಸೋರಿಕೆ ಮತ್ತು ತಗಡಿನ ಬಾಗುವಿಕೆಯಿಂದ ವಾಸ್ತವದಲ್ಲಿ ಇದು ಕಡಿಮೆಯಿರುತ್ತದೆ. ಮನೆಯ ಕೋಣೆಯಲ್ಲಿ ಸಪ್ಪೆಯೆನಿಸುವ ಚಿಕ್ಕ ಪೆಟ್ಟಿಗೆಯು ಕಾರಿನಲ್ಲಿ ತುಂಬಿದ ಧ್ವನಿ ನೀಡುವುದು ಇದರಿಂದಲೇ.

ಇತಿಹಾಸ

ಪೆಟ್ಟಿಗೆಯ ರಂಧ್ರದ ಅನುರಣನೆಯಿಂದ ಮಂದ್ರ ಧ್ವನಿಯನ್ನು ಹೆಚ್ಚಿಸುವ ವಿಧಾನಕ್ಕೆ ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದರು. ಬಿಗಿಯಾಗಿ ಮುಚ್ಚಿದ ಚಿಕ್ಕ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್‌ನಂತೆ ಬಳಸುವ ವಿನ್ಯಾಸವನ್ನು ಎಡ್ಗರ್ ವಿಲ್ಚರ್ ರೂಪಿಸಿದರು. 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಎಆರ್-1 ಧ್ವನಿವರ್ಧಕದ ಮೂಲಕ ಅದು ಬಳಕೆಗೆ ಬಂದಿತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಲೇಖನ ಹಾಗೂ 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ನಡೆಸಿದ ಕೆಲಸದಿಂದ ಪೆಟ್ಟಿಗೆಯ ಗಾತ್ರವನ್ನು ಮೊದಲೇ ಲೆಕ್ಕಹಾಕುವುದು ಸಾಧ್ಯವಾಯಿತು. ಇಂದು ಧ್ವನಿವರ್ಧಕದೊಂದಿಗೆ ಬರುವ ಮಾಹಿತಿಪತ್ರದಲ್ಲಿರುವ ಅಂಕಿಗಳನ್ನು ಥೀಲ್-ಸ್ಮಾಲ್ ಮಾನಕಗಳೆಂದು ಕರೆಯಲಾಗುತ್ತದೆ.

ವಿಧಗಳು

ಬಿಗಿಮುಚ್ಚಿದ ಪೆಟ್ಟಿಗೆ: ಇದು ನಿರ್ಮಾಣಕ್ಕೆ ಅತ್ಯಂತ ಸರಳ. ಅನುರಣನೆಯ ಆವೃತ್ತಿಯಿಂದ ಕೆಳಗೆ ಧ್ವನಿ ಪ್ರತಿ ಆಕ್ಟೇವ್‌ಗೆ 12 ಡೆಸಿಬೆಲ್‌ನಂತೆ ಕುಗ್ಗುತ್ತದೆ. ಕಾರಿನ ಒಳಾಂಗಣ ನೀಡುವ ಬಲವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಅಳತೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಫಲಿತಾಂಶ ಹೆಚ್ಚು ಕೆಡುವುದಿಲ್ಲ.

ರಂಧ್ರವುಳ್ಳ ಪೆಟ್ಟಿಗೆ: ಇದರಲ್ಲಿ ಪೋರ್ಟ್ ಎಂಬ ಕೊಳವೆ ಇರುತ್ತದೆ. ಖಾಲಿ ಶೀಶೆಯ ಬಾಯಿಗೆ ಊದಿದಾಗ ನಾದ ಹೊರಡುವಂತೆ ಕೊಳವೆಯ ಗಾಳಿಯು ಗೊತ್ತಾದ ಆವೃತ್ತಿಯಲ್ಲಿ ಅನುರಣಿಸುತ್ತದೆ. ಅದೇ ಶಕ್ತಿಯ ಆಂಪ್ಲಿಫೈಯರ್‌ನಿಂದ ಆ ಆವೃತ್ತಿಯ ಆಸುಪಾಸಿನಲ್ಲಿ ಹೆಚ್ಚು ಧ್ವನಿ ದೊರೆಯುತ್ತದೆ. ಆದರೆ ಪೆಟ್ಟಿಗೆ ದೊಡ್ಡದಾಗಬೇಕಾಗುತ್ತದೆ ಮತ್ತು ಆ ಆವೃತ್ತಿಯಿಂದ ಕೆಳಗೆ ಧ್ವನಿ ಪ್ರತಿ ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಅಲ್ಲಿ ಕೋನ್‌ಗೆ ಗಾಳಿಯ ತಡೆ ಇಲ್ಲದಿರುವುದರಿಂದ ಅದು ಮಿತಿಮೀರಿ ಚಲಿಸಿ ಹಾನಿಗೊಳ್ಳಬಹುದು. ಇದನ್ನು ತಡೆಯಲು ಆಂಪ್ಲಿಫೈಯರ್‌ನ ಸಬ್‌ಸಾನಿಕ್ ಫಿಲ್ಟರ್ ಬಳಸಲಾಗುತ್ತದೆ.

ಬ್ಯಾಂಡ್‌ಪಾಸ್ ಪೆಟ್ಟಿಗೆ: ಇದರಲ್ಲಿ ಎರಡು ಕೋಣೆಗಳಿದ್ದು ಧ್ವನಿವರ್ಧಕವು ನಡುವಿನ ಗೋಡೆಯಲ್ಲಿರುತ್ತದೆ. ವಿನ್ಯಾಸ ಕ್ಲಿಷ್ಟವಾದ್ದರಿಂದ ಮನೆಯ ನಿರ್ಮಾಣಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

ಗಾತ್ರದ ಲೆಕ್ಕ

ಬಿಗಿಮುಚ್ಚಿದ ಪೆಟ್ಟಿಗೆಗೆ ಮಾಹಿತಿಪತ್ರದ ಮೂರು ಅಂಕಿಗಳು ಅಗತ್ಯ: ಧ್ವನಿವರ್ಧಕದ ಸ್ವಂತ ಅನುರಣನೆಯ ಆವೃತ್ತಿ (ಎಫ್‌ಎಸ್), ಅನುರಣನೆಯು ಎಷ್ಟು ಬೇಗ ತಣಿಯುತ್ತದೆಂಬುದನ್ನು ಸೂಚಿಸುವ ಕ್ಯೂಟಿಎಸ್ ಮತ್ತು ಕೋನ್‌ನ ಮೃದುತ್ವಕ್ಕೆ ಸಮನಾದ ಗಾಳಿಯ ಪರಿಮಾಣ (ವಿಎಎಸ್). ಪೆಟ್ಟಿಗೆಯೊಳಗೆ ದೊರೆಯಬೇಕಾದ ಒಟ್ಟು ಕ್ಯೂ ಬೆಲೆಯನ್ನು ಸಾಮಾನ್ಯವಾಗಿ 0.707 ಎಂದು ಆರಿಸಲಾಗುತ್ತದೆ. ಇದರಿಂದ ಧ್ವನಿಯ ಮಟ್ಟ ಉಬ್ಬಿಲ್ಲದೆ ಸಮವಾಗಿರುತ್ತದೆ. ಗಾತ್ರದ ಸೂತ್ರ ಹೀಗಿದೆ:

ಪೆಟ್ಟಿಗೆಯ ಗಾತ್ರ = ವಿಎಎಸ್ ÷ [(ಒಟ್ಟು ಕ್ಯೂ ÷ ಕ್ಯೂಟಿಎಸ್)² − 1]

ಉದಾಹರಣೆಗೆ ವಿಎಎಸ್ 45 ಲೀಟರ್, ಕ್ಯೂಟಿಎಸ್ 0.5, ಎಫ್‌ಎಸ್ 30 ಹರ್ಟ್ಸ್ ಇರಲಿ. 0.707ನ್ನು 0.5ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 2 ಬರುತ್ತದೆ. ಅದರಲ್ಲಿ 1 ಕಳೆದರೆ 1. ಆದ್ದರಿಂದ ಬೇಕಾದ ಗಾತ್ರ 45 ಲೀಟರ್. ಪೆಟ್ಟಿಗೆಯೊಳಗಿನ ಅನುರಣನೆಯ ಆವೃತ್ತಿ 30 × 1.414, ಅಂದರೆ ಸುಮಾರು 42 ಹರ್ಟ್ಸ್. ಧ್ವನಿವರ್ಧಕದ ಹಿಂಭಾಗ ಆಕ್ರಮಿಸುವ 2 ಲೀಟರ್ ಮತ್ತು ಒಳಗಿನ ಆಧಾರಪಟ್ಟಿಗಳ 1 ಲೀಟರ್ ಸೇರಿಸಿದರೆ ಒಳಗಾತ್ರ 48 ಲೀಟರ್ ಆಗಬೇಕು. 50 × 32 × 30 ಸೆಂ.ಮೀ. ಒಳಅಳತೆಯಿಂದ ಇದು ದೊರೆಯುತ್ತದೆ.

18 ಮಿ.ಮೀ. ದಪ್ಪದ ಹಲಗೆ ಬಳಸಿದರೆ ಕತ್ತರಿಸಬೇಕಾದ ತುಂಡುಗಳು:

- ಮುಂದಿನ ಮತ್ತು ಹಿಂದಿನ ಹಲಗೆ: 53.6 × 35.6 ಸೆಂ.ಮೀ., 2 ತುಂಡು
- ಮೇಲಿನ ಮತ್ತು ಕೆಳಗಿನ ಹಲಗೆ: 53.6 × 30 ಸೆಂ.ಮೀ., 2 ತುಂಡು
- ಪಕ್ಕದ ಹಲಗೆ: 32 × 30 ಸೆಂ.ಮೀ., 2 ತುಂಡು

ಸಾಮಗ್ರಿ

ಎಂಡಿಎಫ್ ಹಲಗೆ ಹೆಚ್ಚು ಬಳಕೆಯಲ್ಲಿದೆ. ಅದು ಎಲ್ಲೆಡೆ ಒಂದೇ ಸಾಂದ್ರತೆಯುಳ್ಳದ್ದು, ಭಾರವಾದದ್ದು ಮತ್ತು ಸುಲಭವಾಗಿ ಕತ್ತರಿಸಬಹುದಾದದ್ದು. ಆದರೆ ತೇವ ತಗುಲಿದರೆ ಉಬ್ಬುತ್ತದೆ. ಕರಾವಳಿ ಮತ್ತು ಮಲೆನಾಡಿನಂತಹ ತೇವದ ಪ್ರದೇಶಗಳಲ್ಲಿ ಅದರ ಅಂಚುಗಳಿಗೆ ಬಣ್ಣ ಅಥವಾ ವಾರ್ನಿಷ್ ಬಳಿಯುವುದು, ಇಲ್ಲವೇ ಉತ್ತಮ ದರ್ಜೆಯ ಪ್ಲೈವುಡ್ ಬಳಸುವುದು ಸೂಕ್ತ. ಪಾರ್ಟಿಕಲ್ ಬೋರ್ಡ್‌ನಲ್ಲಿ ತಿರುಪು ಭದ್ರವಾಗಿ ಹಿಡಿಯುವುದಿಲ್ಲ. ಎಂಡಿಎಫ್ ಕತ್ತರಿಸುವಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶಕ್ಕೆ ಹಾನಿಕರ. ಮುಖಗವಸು, ಕನ್ನಡಕ ಮತ್ತು ಗಾಳಿಯಾಡುವ ಸ್ಥಳ ಅವಶ್ಯಕ.

ನಿರ್ಮಾಣಕ್ರಮ

1. ಡಿಕ್ಕಿಯ ಅಳತೆ ತೆಗೆದುಕೊಂಡು ಹಲಗೆಗಳನ್ನು ನೇರವಾಗಿ ಕತ್ತರಿಸಲಾಗುತ್ತದೆ. ಅಂಚು ಓರೆಯಾದರೆ ಸಂದುಗಳಲ್ಲಿ ಗಾಳಿ ಸೋರುತ್ತದೆ.
2. ಮುಂದಿನ ಹಲಗೆಯಲ್ಲಿ ಮಾಹಿತಿಪತ್ರದಲ್ಲಿ ಸೂಚಿಸಿದ ವ್ಯಾಸದ ವೃತ್ತವನ್ನು ಜಿಗ್‌ಸಾ ಗರಗಸದಿಂದ ಕೊರೆಯಲಾಗುತ್ತದೆ. ಧ್ವನಿವರ್ಧಕದ ಹೊರವ್ಯಾಸಕ್ಕೂ ಈ ರಂಧ್ರದ ವ್ಯಾಸಕ್ಕೂ ವ್ಯತ್ಯಾಸವಿರುತ್ತದೆ.
3. ಅಂಚುಗಳಿಗೆ ಮರದ ಅಂಟು ಹಚ್ಚಿ ಜೋಡಿಸಿ, ಮೊದಲೇ ಕೊರೆದ ಸಣ್ಣ ರಂಧ್ರಗಳಲ್ಲಿ ತಿರುಪು ಬಿಗಿಯಲಾಗುತ್ತದೆ. ರಂಧ್ರ ಕೊರೆಯದೆ ತಿರುಪು ಹಾಕಿದರೆ ಎಂಡಿಎಫ್‌ನ ಅಂಚು ಸೀಳುತ್ತದೆ.
4. ದೊಡ್ಡ ಹಲಗೆಗಳು ಕಂಪಿಸದಂತೆ ಒಳಗೆ ಅಡ್ಡ ಆಧಾರಪಟ್ಟಿ ಕೂರಿಸಲಾಗುತ್ತದೆ.
5. ಒಳಸಂದುಗಳಿಗೆ ಸಿಲಿಕೋನ್ ಬಳಿದು ಪೂರ್ಣವಾಗಿ ಒಣಗಲು ಬಿಡಲಾಗುತ್ತದೆ.
6. ತಂತಿ ಜೋಡಿಸುವ ಟರ್ಮಿನಲ್ ಕೂರಿಸಿ, ಹೊರಗೆ ಕಾರ್ಪೆಟ್ ಅಂಟಿಸಿ, ತೆಳುವಾದ ಫೋಮ್ ಪಟ್ಟಿಯ ಮೇಲೆ ಧ್ವನಿವರ್ಧಕವನ್ನು ಬಿಗಿಯಲಾಗುತ್ತದೆ.

ಪೆಟ್ಟಿಗೆ ಆಯತಾಕಾರವಾಗಿರಲೇಬೇಕೆಂದಿಲ್ಲ. ಮಂದ್ರ ಧ್ವನಿಯ ತರಂಗದೂರ ಬಹಳ ದೊಡ್ಡದಾದ್ದರಿಂದ ಆಕಾರಕ್ಕಿಂತ ಒಳಗಾತ್ರ ಮತ್ತು ಗಟ್ಟಿತನ ಮುಖ್ಯ. ಹಿಂದಿನ ಸೀಟಿನ ಓರೆಗೆ ಒರಗುವಂತೆ ಒಂದು ಬದಿಯನ್ನು ಇಳಿಜಾರಾಗಿ ರಚಿಸುವುದು ವಾಡಿಕೆ.

ಪರೀಕ್ಷೆ

ಸುಮಾರು 30 ಹರ್ಟ್ಸ್ ಧ್ವನಿಯನ್ನು ಕಡಿಮೆ ಮಟ್ಟದಲ್ಲಿ ನುಡಿಸಿ ಸಂದುಗಳ ಮೇಲೆ ಕೈಯಾಡಿಸಿದರೆ ಸೋರಿಕೆ ತಿಳಿಯುತ್ತದೆ. ಸೋರುವೆಡೆ ಸುಯ್ಯೆಂಬ ಸದ್ದೂ ಕೇಳಬಹುದು. ಟರ್ಮಿನಲ್‌ನ ಧನ ತುದಿಗೆ 1.5 ವೋಲ್ಟ್ ಶುಷ್ಕಕೋಶದ ಧನ ತುದಿಯನ್ನು ಕ್ಷಣಕಾಲ ತಾಗಿಸಿದಾಗ ಕೋನ್ ಹೊರಕ್ಕೆ ಚಲಿಸಿದರೆ ತಂತಿಗಳ ಜೋಡಣೆ ಸರಿಯಿದೆ ಎಂದರ್ಥ.

ಅಳವಡಿಕೆ ಮತ್ತು ಸುರಕ್ಷತೆ

ಮೇಲಿನ ಉದಾಹರಣೆಯ ಎಂಡಿಎಫ್ ಪೆಟ್ಟಿಗೆ ಖಾಲಿಯಿರುವಾಗಲೇ ಸುಮಾರು 12 ಕಿಲೋಗ್ರಾಂ ತೂಗುತ್ತದೆ. ಅಪಘಾತದಲ್ಲಿ ಕಾರು ಥಟ್ಟನೆ ನಿಂತಾಗ, ಕಟ್ಟದೆ ಬಿಟ್ಟ ಪೆಟ್ಟಿಗೆಯು ಅದೇ ವೇಗದಲ್ಲಿ ಮುನ್ನುಗ್ಗಿ ಪ್ರಯಾಣಿಕರಿಗೆ ಅಪ್ಪಳಿಸಬಹುದು. ಹೀಗಾಗಿ ಅದನ್ನು ಲೋಹದ ಪಟ್ಟಿಗಳಿಂದ ಕಾರಿನ ದೇಹಕ್ಕೆ ಭದ್ರಪಡಿಸುವುದು ಅತ್ಯವಶ್ಯಕ. ಡಿಕ್ಕಿಯ ತಳಕ್ಕೆ ರಂಧ್ರ ಕೊರೆಯುವ ಮುನ್ನ ಅದರ ಕೆಳಗಿರಬಹುದಾದ ಇಂಧನದ ತೊಟ್ಟಿ, ಇಂಧನದ ಕೊಳವೆ, ಬ್ರೇಕ್ ಕೊಳವೆ ಮತ್ತು ತಂತಿಗಳನ್ನು ಪರಿಶೀಲಿಸಬೇಕು. ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ ಪೆಟ್ಟಿಗೆಯು ಸಿಲಿಂಡರ್‌ಗಾಗಲಿ ಅದರ ಕವಾಟಕ್ಕಾಗಲಿ ತಾಗಕೂಡದು.

ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ಹೋಗುವ ಧನ ತಂತಿಗೆ ಬ್ಯಾಟರಿಯ ಸಮೀಪದಲ್ಲೇ, ಸಾಮಾನ್ಯವಾಗಿ 45 ಸೆಂ.ಮೀ. ಒಳಗೆ, ಫ್ಯೂಸ್ ಅಳವಡಿಸಲಾಗುತ್ತದೆ. ತಂತಿಯ ಹೊದಿಕೆ ಸವೆದು ಕಾರಿನ ಲೋಹದ ದೇಹಕ್ಕೆ ತಗುಲಿದಾಗ ಬೆಂಕಿ ಹತ್ತದಂತೆ ಕಾಯುವುದು ಈ ಫ್ಯೂಸ್. ಅದು ಆಂಪ್ಲಿಫೈಯರ್‌ನ ಬಳಿ ಮಾತ್ರ ಇದ್ದರೆ ನಡುವಿನ ತಂತಿಗೆ ರಕ್ಷಣೆ ದೊರೆಯುವುದಿಲ್ಲ.

ಶಬ್ದದ ಮಿತಿ

ಮಂದ್ರ ಧ್ವನಿಯು ಗೋಡೆ, ಗಾಜುಗಳನ್ನು ದಾಟಿ ಹೊರಗೂ ಕೇಳಿಸುತ್ತದೆ. ಭಾರತದ ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶಗಳಲ್ಲಿ ಪರಿಸರದ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಶ್ರವಣದ ದೃಷ್ಟಿಯಿಂದ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಆಲಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸುರಕ್ಷಿತ ಮಿತಿಯೆಂದು ಸೂಚಿಸಿದೆ. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. ಧ್ವನಿ ಹೆಚ್ಚಿದ್ದಾಗ ಆಂಬುಲೆನ್ಸ್‌ನ ಸೈರನ್ ಮತ್ತು ಇತರ ವಾಹನಗಳ ಹಾರ್ನ್ ಚಾಲಕನಿಗೆ ಕೇಳಿಸದಿರುವ ಅಪಾಯವೂ ಇದೆ.

ಇವನ್ನೂ ನೋಡಿ

- ಧ್ವನಿವರ್ಧಕ
- ಅನುರಣನೆ
- ಡೆಸಿಬೆಲ್
- ಶಬ್ದಮಾಲಿನ್ಯ