ದಿನಕ್ಕೆ 20 ನಿಮಿಷದಲ್ಲಿ ಹೊಸ ಭಾಷೆ: ಕಲ್ಲೋಳಿ ಸೀಮೆಯವರಿಗೆ ಅಂತರ್ಜಾಲದ ನೆರವು

ಬೆಳಗಾವಿ ಜಿಲ್ಲೆಯ ಕಲ್ಲೋಳಿ ಮೊದಲು ಗೋಕಾಕ ತಾಲೂಕಿನಲ್ಲಿತ್ತು. ಮೂಡಲಗಿ ಹೊಸ ತಾಲೂಕಾದ ಮೇಲೆ ಅದಕ್ಕೆ ಸೇರಿತು. ಕಬ್ಬು, ಅರಿಷಿಣ, ಗೋವಿನಜೋಳ ಬೆಳೆಯುವ ಸೀಮೆ. ಇಲ್ಲಿಯವರ ಮನೆಮಾತು ಕನ್ನಡವಾದರೂ ದುಡಿಮೆ ಕನ್ನಡದೊಳಗೇ ಮುಗಿಯುವುದಿಲ್ಲ. ಅರಿಷಿಣ ಸಾಂಗಲಿ ಪೇಟೆಗೆ ಹೋಗುತ್ತದೆ. ದೊಡ್ಡ ಬೇನೆ ಬಂದರೆ ಮಿರಜಿನ ದವಾಖಾನೆಗೆ ಓಡುತ್ತಾರೆ. ಕಬ್ಬು ಕಡಿಯಲು ಬೀಡ ಜಿಲ್ಲೆಯ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ಈ ಮೂರೂ ಕಡೆ ಮರಾಠಿ ಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗರಿಗೆ ಇಂಗ್ಲಿಷ್, ಹಿಂದಿ ಬೇಕು. ನರ್ಸಿಂಗ್ ಓದಿ ಹೊರದೇಶಕ್ಕೆ ಹೋಗಬೇಕೆನ್ನುವವರಿಗೆ ಜರ್ಮನ್. ಯಾರಿಗೂ ದಿನವಿಡೀ ಕೂತು ಕಲಿಯುವಷ್ಟು ಪುರಸೊತ್ತಿಲ್ಲ, ಕೈಯಲ್ಲಿ ಫೋನು ಮಾತ್ರ ಇದೆ. ಆ ಫೋನಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಈ ಲೇಖನದ ವಿಷಯ.

ಎಷ್ಟು ಹೊತ್ತು ಬೇಕು?

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಿದ ಅನುಭವದಿಂದ ಒಂದು ಅಂದಾಜು ಕೊಟ್ಟಿದೆ. ಇಂಗ್ಲಿಷ್ ಮನೆಮಾತಿನವರು ಸ್ಪ್ಯಾನಿಷ್‌ನಂಥ ಭಾಷೆಯನ್ನು ಕೆಲಸಕ್ಕೆ ಒದಗುವಷ್ಟು ಕಲಿಯಲು 600ರಿಂದ 750 ಗಂಟೆಗಳ ತರಗತಿ ಬೇಕು. ಜಪಾನಿ, ಅರಬ್ಬಿ ಭಾಷೆಗಳಿಗೆ ಸುಮಾರು 2,200 ಗಂಟೆ. ದಿನಕ್ಕೆ 20 ನಿಮಿಷದಂತೆ ಲೆಕ್ಕ ಹಾಕಿದರೆ 600 ಗಂಟೆ ತುಂಬಲು ಐದು ವರ್ಷ ಹತ್ತಿರ ಆಗುತ್ತದೆ.

ಈ ಲೆಕ್ಕ ನೋಡಿ ಎದೆಗುಂದಬೇಕಿಲ್ಲ. ಅದು ರಾಜತಾಂತ್ರಿಕರ ಮಟ್ಟದ ಲೆಕ್ಕ, ಅದೂ ಇಂಗ್ಲಿಷ್ ಮನೆಮಾತಿನವರದು. ಚಿಕ್ಕಂದಿನಿಂದ ಮರಾಠಿ ಕಿವಿಗೆ ಬಿದ್ದ, ಶಾಲೆಯಲ್ಲಿ ಹಿಂದಿ ಓದಿದ ಮೂಡಲಗಿ, ಹುಕ್ಕೇರಿಯವರಿಗೆ ಅದು ಹಾಗೇ ಅನ್ವಯಿಸುವುದಿಲ್ಲ. ಆದರೆ ಸಮಯ ಕಡಿಮೆ ಇದ್ದವರು ಗುರಿಯನ್ನೂ ಸಣ್ಣದು ಮಾಡಿಕೊಳ್ಳಬೇಕು ಎಂಬ ಮಾತು ಅದರಲ್ಲಿದೆ. ‘ಮರಾಠಿ ಕಲಿಯುತ್ತೇನೆ’ ಎಂದು ಹೊರಟವರು ನಡುವೆ ಕೈಬಿಡುತ್ತಾರೆ. ‘ಅರಿಷಿಣದ ಸವಾಲಿನಲ್ಲಿ ಕೂಗುವ ದರ ತಿಳಿಯಬೇಕು’ ಎಂದು ಹೊರಟವರು ಕಲಿಯುತ್ತಾರೆ.

ದೂರದ ಭಾಷೆಗಳಿಗೆ ಬರವಿಲ್ಲ

ಜರ್ಮನ್ ಕಲಿಯುವವರಿಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆ ‘ನಿಕೋಸ್ ವೇಗ್’ ಎಂಬ ಪಾಠಸರಣಿಯನ್ನು ಉಚಿತವಾಗಿ ಕೊಟ್ಟಿದೆ. ಸಣ್ಣ ಸಣ್ಣ ವಿಡಿಯೊಗಳ ಕತೆಯಾಗಿ ಸಾಗುವ ಇದು ಎ1 (ಆರಂಭದ) ಮಟ್ಟದಿಂದ ಬಿ1 (ನಡುವಿನ) ಮಟ್ಟದವರೆಗೆ ಒಯ್ಯುತ್ತದೆ. ಇಂಗ್ಲಿಷಿಗೆ ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಇದೆ; ಹೆಸರೇ ಹೇಳುವಂತೆ ಒಂದು ಕಂತು ಆರು ನಿಮಿಷದ್ದು. ಜಪಾನಿ ಭಾಷೆಗೆ ಎನ್‌ಎಚ್‌ಕೆಯ ಪಾಠಗಳಿವೆ. 2012ರಲ್ಲಿ ಸಾರ್ವಜನಿಕರಿಗೆ ತೆರೆದ ಡುಯೊಲಿಂಗೊ ಹಿಂದಿಯನ್ನು ಕಲಿಸುತ್ತದೆ, ಆದರೆ ಕನ್ನಡ, ಮರಾಠಿ ಕಲಿಸುವ ಪಾಠಗಳು ಅದರಲ್ಲಿಲ್ಲ.

ಇವುಗಳಲ್ಲಿ ವಿವರಣೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತೊಡಕಾಗುವುದು ಇಲ್ಲಿಯೇ: ಜರ್ಮನ್ ಗೊತ್ತಿಲ್ಲದ್ದಕ್ಕಿಂತ ಹೆಚ್ಚಾಗಿ ಅದನ್ನು ಕಲಿಸುವ ಇಂಗ್ಲಿಷ್ ಅರ್ಥವಾಗದೆ ಸೋಲುತ್ತಾರೆ. ಅಂಥವರಿಗೆ ಎರಡು ಆಸರೆಗಳಿವೆ. ಗೂಗಲ್ ಟ್ರಾನ್ಸ್‌ಲೇಟ್ 2011ರಿಂದ ಕನ್ನಡವನ್ನು ಒಳಗೊಂಡಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಅದರಲ್ಲಿ ಒಂದೂವರೆ ಲಕ್ಷ ಪದಗಳಿವೆ. ಒಬ್ಬರೇ ಕೂತು ಇಷ್ಟು ಮಾಡಿದ್ದಾರೆ ಎಂಬುದನ್ನು ಕನ್ನಡಿಗರು ಇನ್ನೂ ಸಾಕಷ್ಟು ಗುರುತಿಸಿಲ್ಲ.

ಮರೆವಿಗೆ ಮದ್ದು

ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಮರೆತುಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು 1885ರಲ್ಲಿ ತೋರಿಸಿದ. ಹೀಗಾಗಿ ಒಂದು ಪದವನ್ನು ಇಂದು, ನಾಳೆ, ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಹೀಗೆ ಬಿಡುವು ಹೆಚ್ಚಿಸುತ್ತ ನೆನೆದರೆ ಅದು ಉಳಿಯುತ್ತದೆ. ಈ ಸರದಿಯನ್ನು ಫೋನೇ ನೋಡಿಕೊಳ್ಳುವಂತೆ ಮಾಡುವ ‘ಆಂಕಿ’ ತಂತ್ರಾಂಶ 2006ರಲ್ಲಿ ಬಂತು. ಆಂಡ್ರಾಯ್ಡ್ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಅದು ಉಚಿತ. ಬೇರೆಯವರು ಮಾಡಿಟ್ಟ ಪದಪಟ್ಟಿಗಿಂತ ನಿಮ್ಮ ಕೆಲಸದ ಪದಗಳನ್ನು ನೀವೇ ಹಾಕಿಕೊಳ್ಳುವುದು ಮೇಲು.

ಪಕ್ಕದ ಮರಾಠಿಗೆ ಪಾಠ ಎಲ್ಲಿದೆ?

ಕಲ್ಲೋಳಿಯವರಿಗೆ ದಿನವೂ ಬೇಕಾದ ಭಾಷೆಗೇ ಕನ್ನಡದ ಮೂಲಕ ಕಲಿಸುವ ಒಳ್ಳೆಯ ಪಾಠಗಳು ಕಡಿಮೆ. ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ತಂದ ‘ಭಾಷಾ ಸಂಗಮ’ ಆ್ಯಪ್ 22 ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ದಿನಬಳಕೆಯ ವಾಕ್ಯಗಳನ್ನು ಕಲಿಸುತ್ತದೆ. ಶುರುವಿಗೆ ಅಷ್ಟು ಸಾಕು, ಮುಂದಕ್ಕೆ ಸಾಲದು.

ಮುಂದಿನ ಹೆಜ್ಜೆಗೆ ಪುಣೆಯ ‘ಬಾಲಭಾರತಿ’ ಸಂಸ್ಥೆಯ ಶಾಲಾ ಪುಸ್ತಕಗಳನ್ನು ನಾನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆ ಕನ್ನಡ ಶಾಲೆಗಳಿವೆ. ಅವುಗಳಂಥ ಮರಾಠಿಯೇತರ ಮಾಧ್ಯಮದ ಮಕ್ಕಳಿಗೆಂದೇ ಆ ಸಂಸ್ಥೆ ‘ಸುಲಭಭಾರತಿ’ ಎಂಬ ಮರಾಠಿ ಪುಸ್ತಕಮಾಲೆಯನ್ನು ತಂದಿದೆ. ಪಿಡಿಎಫ್ ರೂಪದಲ್ಲಿ ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು. ಮಕ್ಕಳ ಪುಸ್ತಕವೆಂದು ನಾಚಬೇಕಿಲ್ಲ. ಹಿಂದಿ ಓದಿದವರಿಗೆ ದೇವನಾಗರಿ ಲಿಪಿ ಆಗಲೇ ಬರುತ್ತದೆ. ಹಿಂದಿಯವರ ನಾಲಗೆಗೆ ತೊಡಕಾಗುವ ‘ಳ’ ಅಕ್ಷರ ಕನ್ನಡಿಗರಿಗೆ ಸಲೀಸು.

ಲಿಂಗದಲ್ಲಿ ಎಚ್ಚರ ಬೇಕು. ಕನ್ನಡದಲ್ಲಿ ಕಬ್ಬು, ಅರಿಷಿಣ, ಹಾಲು ಮೂರೂ ‘ಅದು’. ಮರಾಠಿಯಲ್ಲಿ ಕಬ್ಬು ಗಂಡು, ‘ತೋ ಊಸ’. ಅರಿಷಿಣ ಹೆಣ್ಣು, ‘ತೀ ಹಳದ’. ಹಾಲು ನಪುಂಸಕ, ‘ತೇ ದೂಧ’. ಆದ್ದರಿಂದ ಆಂಕಿಯಲ್ಲಿ ಬರೀ ‘ಹಳದ’ ಎಂದು ಬರೆಯದೆ ‘ತೀ ಹಳದ’ ಎಂದೇ ಬರೆದುಕೊಳ್ಳಿ.

ಅಂಕಿಗಳನ್ನಂತೂ ಮೊದಲ ವಾರವೇ ಹಿಡಿಯಬೇಕು. ಕನ್ನಡದಲ್ಲಿ ಇಪ್ಪತ್ತರವರೆಗಿನ ಎಣಿಕೆ ಮತ್ತು ಹತ್ತುಗಳ ಹೆಸರು ಬಂದರೆ ನೂರರವರೆಗೆ ಹೋಗಬಹುದು. ಮರಾಠಿಯಲ್ಲಿ ಒಂದೊಂದನ್ನೂ ಬಾಯಿಪಾಠ ಮಾಡಬೇಕು: 59 ಎಂದರೆ ‘ಏಕೋಣಸಾಠ’, ಅರವತ್ತಕ್ಕೆ ಒಂದು ಕಡಿಮೆ. ಪೇಟೆಯಲ್ಲಿ ದರ ಹೇಳುವಾಗ ಕಾಲು, ಅರೆ, ಮುಕ್ಕಾಲು ಬೇರೆ ಸೇರುತ್ತವೆ. ‘ಸಾಡೇಬಾರಾ ಹಜಾರ’ ಎಂದರೆ 12,500, ‘ಪಾವಣೇತೇರಾ ಹಜಾರ’ ಎಂದರೆ 12,750. ಎರಡನೆಯದರಲ್ಲಿ ‘ತೇರಾ’ ಒಂದೇ ಕಿವಿಗೆ ಬಿದ್ದರೆ 13,000 ಎಂದು ತಿಳಿದು ಮನೆಗೆ ಬರುತ್ತೀರಿ. ಕ್ವಿಂಟಲಿಗೆ 250 ರೂಪಾಯಿಯ ವ್ಯತ್ಯಾಸ ಅಡತಿ ಅಂಗಡಿಯ ಚೀಟಿ ನೋಡಿದಾಗಲೇ ಗೊತ್ತಾಗುವುದು.

ಕಿವಿ ಪಳಗಲು ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಒದಗುತ್ತದೆ. ಮೊದಲು ಧಾರವಾಡದ ಕನ್ನಡ ವಾರ್ತೆ ಕೇಳಿ, ಆಮೇಲೆ ಮರಾಠಿ ಪ್ರಾದೇಶಿಕ ವಾರ್ತೆ ಕೇಳಿ. ದೇಶದ ದೊಡ್ಡ ಸುದ್ದಿ ಎರಡರಲ್ಲೂ ಒಂದೇ ಇರುವುದರಿಂದ ಅರ್ಥ ತಾನಾಗಿ ಹೊಳೆಯುತ್ತದೆ. ಪದ ಅಡ್ಡ ಬಂದರೆ ಷಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಮೋಲ್ಸ್‌ವರ್ಥ್ ಅವರ ಮರಾಠಿ–ಇಂಗ್ಲಿಷ್ ನಿಘಂಟು (1857ರ ಆವೃತ್ತಿ) ಇದೆ.

ಕನ್ನಡ ಕಲಿಯಬೇಕಾದವರಿಗೆ

ಈ ಭಾಗದ ಬ್ಯಾಂಕು, ಸಕ್ಕರೆ ಕಾರ್ಖಾನೆಗಳಿಗೆ ಹೊರಗಿನಿಂದ ಬಂದವರಿಗೆ ಬೆಂಗಳೂರಿನ ‘ಕನ್ನಡ ಗೊತ್ತಿಲ್ಲ’ ತಂಡ ವಾಟ್ಸ್‌ಆ್ಯಪ್ ಮೂಲಕ ನಡೆಸುವ ಪಾಠಗಳಿವೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ‘ಭಾರತವಾಣಿ’ ಜಾಲತಾಣದಲ್ಲಿ (2016) ನಿಘಂಟುಗಳೂ ಪಠ್ಯಗಳೂ ಸಿಗುತ್ತವೆ. ಕರ್ನಾಟಕದ ದ್ವಿತೀಯ ಭಾಷೆಯ ‘ತಿಳಿ ಕನ್ನಡ’ ಪುಸ್ತಕಗಳೂ ಒದಗುತ್ತವೆ.

ಆಗಬೇಕಾದದ್ದು

ಸಾಂಗಲಿ ಪೇಟೆಯ ಲೆಕ್ಕ, ಮಿರಜಿನ ದವಾಖಾನೆಯ ಮಾತು, ಕಬ್ಬಿನ ಗ್ಯಾಂಗಿನ ಸಂಗಡ ಮಾಡುವ ಕರಾರು ಇವನ್ನು ಕನ್ನಡದಲ್ಲಿ ವಿವರಿಸಿ ಮರಾಠಿ ಕಲಿಸುವವರು ಬೇಕು. ಹುಕ್ಕೇರಿ, ಸಂಕೇಶ್ವರ, ನಿಪ್ಪಾಣಿ ಕಡೆ ಎರಡೂ ಭಾಷೆ ಸಲೀಸಾಗಿ ಬಲ್ಲ ಶಿಕ್ಷಕರು ಬೇಕಾದಷ್ಟಿದ್ದಾರೆ. ಐದೈದು ನಿಮಿಷದ ಪಾಠಗಳನ್ನು ಫೋನಿನಲ್ಲೇ ಧ್ವನಿಮುದ್ರಿಸಿ ಹಂಚಲು ಅವರಿಗೆ ಸ್ಟುಡಿಯೊ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಅಂಥ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ಬರುವ ಅರಿಷಿಣದ ಸುಗ್ಗಿಗೆ ಮುಂಚೆ ಒಂದರಿಂದ ನೂರರವರೆಗಿನ ಮರಾಠಿ ಅಂಕಿಗಳ ಪಾಠದಿಂದಲೇ ಶುರುಮಾಡಿರಿ.