ಕುಡಿಯುವ ನೀರಿನ ಜಲಾಶಯದಲ್ಲಿ ಶುದ್ಧೀಕರಿಸಿದ ತ್ಯಾಜ್ಯ ನೀರಿನ ಬೆರೆಯುವಿಕೆ: ಅಧ್ಯಯನ ವಿಧಾನ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ
ಬಳಸಿದ ನೀರನ್ನು ಉನ್ನತ ಮಟ್ಟದಲ್ಲಿ ಶುದ್ಧೀಕರಿಸಿ ಜಲಾಶಯಕ್ಕೆ ಸೇರಿಸಿ, ಅಲ್ಲಿಂದ ಪುನಃ ಎತ್ತಿ, ಸಂಸ್ಕರಿಸಿ ಸರಬರಾಜು ಮಾಡುವ ಪದ್ಧತಿಯು ಕೆಲವು ದೇಶಗಳಲ್ಲಿ ಜಾರಿಯಲ್ಲಿದೆ. ಸಿಂಗಪುರದಲ್ಲಿ ಇದು 2003ರಲ್ಲಿ ಆರಂಭವಾಯಿತು. ಶುದ್ಧೀಕರಣ ಘಟಕದಲ್ಲಿ ಒಂದು ದಿನ ಲೋಪ ಉಂಟಾದಲ್ಲಿ, ಆ ದಿನದ ನೀರು ನೀರೆತ್ತುವ ಸ್ಥಳವನ್ನು ಎಷ್ಟು ಬೇಗ ಮತ್ತು ಎಷ್ಟು ಪ್ರಮಾಣದಲ್ಲಿ ತಲುಪುವುದು ಎಂಬುದನ್ನು ಮುಂಚಿತವಾಗಿ ಅರಿಯುವುದು ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಅತ್ಯವಶ್ಯಕ.

2. ಬೆರೆಯುವಿಕೆಯ ಸ್ವರೂಪ
ಆಳವಾದ ಜಲಾಶಯದಲ್ಲಿ ಬೇಸಿಗೆಯಲ್ಲಿ ಮೇಲ್ಪದರದ ನೀರು ಬೆಚ್ಚಗೂ ಹಗುರವಾಗಿಯೂ, ತಳದ ನೀರು ತಣ್ಣಗೂ ಭಾರವಾಗಿಯೂ ಇರುವುದರಿಂದ ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಒಳಬರುವ ಬೆಚ್ಚಗಿನ ನೀರು ಮೇಲ್ಪದರದಲ್ಲಿಯೇ ಹರಡಿ ಗಾಳಿಯ ದಿಕ್ಕಿನಲ್ಲಿ ಸಾಗಬಹುದು. ಚಳಿಗಾಲದಲ್ಲಿ ಮೇಲ್ಪದರವು ತಣಿದು ಕೆಳಗಿಳಿಯುವುದರಿಂದ ಪದರಗಳು ಬೆರೆಯುತ್ತವೆ. ಆದುದರಿಂದ ಒಂದೇ ಋತುವಿನ ಅಧ್ಯಯನವು ಸಾಲದು.

3. ಅಧ್ಯಯನದ ಕ್ರಮ
ಅಮೆರಿಕದ ಸ್ಯಾನ್ ಡಿಯಾಗೋ ನಗರದ ಸ್ಯಾನ್ ವಿಸೆಂಟೆ ಜಲಾಶಯದಲ್ಲಿ 1990ರ ದಶಕದಲ್ಲಿ ಲ್ಯಾಂಥನಂ ಎಂಬ ಧಾತುವನ್ನು ಗುರುತು ವಸ್ತುವಾಗಿ ಬಳಸಿ ಅಧ್ಯಯನ ಕೈಗೊಳ್ಳಲಾಯಿತು. ನೀರಿಗೆ ಗುರುತು ವಸ್ತುವನ್ನು ಬೆರೆಸಿ, ವಿವಿಧ ಸ್ಥಳ ಹಾಗೂ ಆಳಗಳಿಂದ ಮಾದರಿಗಳನ್ನು ಸಂಗ್ರಹಿಸಿ ಅದರ ಪ್ರಮಾಣವನ್ನು ಅಳೆಯಲಾಗುತ್ತದೆ. ಸದರಿ ಅಣೆಕಟ್ಟಿನ ಎತ್ತರವನ್ನು 117 ಅಡಿ ಹೆಚ್ಚಿಸುವ ಕಾಮಗಾರಿಯು 2014ರಲ್ಲಿ ಪೂರ್ಣಗೊಂಡಿತು. ಹೀಗೆ ಜಲಾಶಯದ ಗಾತ್ರ ಬದಲಾದಾಗ ಹಳೆಯ ಅಳತೆಗಳನ್ನು ನೇರವಾಗಿ ಅನ್ವಯಿಸಲಾಗದು. ಅವುಗಳೊಂದಿಗೆ ತಾಳೆ ನೋಡಿದ ಮೂರು ಆಯಾಮದ ಕಂಪ್ಯೂಟರ್ ಮಾದರಿಯ ಮೂಲಕ ಹೊಸ ಸ್ಥಿತಿಯನ್ನು ಅಂದಾಜಿಸಲಾಗುತ್ತದೆ.

4. ನಿಗದಿಪಡಿಸಿದ ಮಾನದಂಡಗಳು
ಕ್ಯಾಲಿಫೋರ್ನಿಯಾ ರಾಜ್ಯವು 2018ರಲ್ಲಿ ಜಾರಿಗೆ ತಂದ ನಿಯಮಗಳ ಮುಖ್ಯಾಂಶಗಳು ಈ ಕೆಳಕಂಡಂತಿವೆ:
(ಅ) ಯಾವುದೇ 24 ಗಂಟೆಗಳಲ್ಲಿ ಸೇರಿಸಿದ ನೀರಿನ ಪಾಲು, ಎತ್ತುವ ನೀರಿನಲ್ಲಿ ಶೇ. 1ನ್ನು ಮೀರತಕ್ಕದ್ದಲ್ಲ. ಹೆಚ್ಚುವರಿ ಶುದ್ಧೀಕರಣ ಕೈಗೊಂಡಲ್ಲಿ ಶೇ. 10ರವರೆಗೆ ಅವಕಾಶವಿದೆ.
(ಆ) ನೀರಿನ ಸರಾಸರಿ ತಂಗುವ ಅವಧಿಯು ಆರಂಭದಲ್ಲಿ ಕನಿಷ್ಠ 180 ದಿನಗಳಿರಬೇಕು. ಅನುಮೋದನೆ ಪಡೆದು ಇದನ್ನು 60 ದಿನಗಳವರೆಗೆ ಇಳಿಸಬಹುದು.
(ಇ) ಕಾರ್ಯಾರಂಭದ ಮೊದಲ ಆರು ತಿಂಗಳೊಳಗೆ ಗುರುತು ವಸ್ತುವಿನ ಅಧ್ಯಯನವನ್ನು ಪ್ರಾರಂಭಿಸತಕ್ಕದ್ದು.

ಉದಾಹರಣೆಗೆ, 5,400 ಕೋಟಿ ಲೀಟರ್ ಸಂಗ್ರಹವಿದ್ದು ತಿಂಗಳಿಗೆ 600 ಕೋಟಿ ಲೀಟರ್ ಹೊರಹೋದರೆ ತಂಗುವ ಅವಧಿ 9 ತಿಂಗಳು. ಇದು ಕೇವಲ ಸರಾಸರಿ. ನೀರಿನ ಒಂದು ಭಾಗವು ಕೆಲವೇ ದಿನಗಳಲ್ಲಿ ತಲುಪಬಹುದಾದ್ದರಿಂದ ಮಾನದಂಡ (ಅ) ಪ್ರತ್ಯೇಕವಾಗಿ ಅವಶ್ಯಕ.

5. ವಿಶೇಷ ಸೂಚನೆ
2018ರಲ್ಲಿ ಆರಂಭವಾದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ನೀರು ಎರಡನೇ ಹಂತದವರೆಗೆ ಸಂಸ್ಕರಿಸಿದ್ದಾಗಿದ್ದು, ಅಂತರ್ಜಲ ಮರುಪೂರಣಕ್ಕೆ ಉದ್ದೇಶಿತವಾಗಿದೆ. ಸದರಿ ಕೆರೆಗಳ ನೀರನ್ನು ನೇರವಾಗಿ ಕುಡಿಯಬಾರದು.